ಬಾಲಸಂಖ್ಯೆ ನೋಡಿ ಕೊಳ್ಳುವ ವಿಮಾನಗಳು

ಭಾರತೀಯ ವಾಯುಪಡೆಯ ರಫೇಲ್‌ಗಳ ಬಾಲದ ಮೇಲೆ ಎರಡು ಬಗೆಯ ಅಕ್ಷರಗಳಿವೆ. ಇಬ್ಬರು ಕೂರುವ ವಿಮಾನಗಳಿಗೆ ‘ಆರ್‌ಬಿ’, ಒಬ್ಬರೇ ಕೂರುವವಕ್ಕೆ ‘ಬಿಎಸ್’. ಮೊದಲನೆಯದು ಖರೀದಿ ಮಾತುಕತೆಯ ಮುಂದಾಳಾಗಿದ್ದ ರಾಕೇಶ್ ಕುಮಾರ್ ಸಿಂಗ್ ಭದೌರಿಯಾ ಅವರ ಗೌರವಕ್ಕೆ, ಎರಡನೆಯದು ಅವರಿಗಿಂತ ಮೊದಲು ವಾಯುಪಡೆಯ ಮುಖ್ಯಸ್ಥರಾಗಿದ್ದ ಬೀರೇಂದರ್ ಸಿಂಗ್ ಧನೋವಾ ಅವರ ಗೌರವಕ್ಕೆ. 2019ರ ಅಕ್ಟೋಬರ್ 8ರಂದು ಫ್ರಾನ್ಸಿನಲ್ಲಿ ನಮ್ಮ ಕೈಸೇರಿದ ಮೊದಲ ರಫೇಲ್ ಆರ್‌ಬಿ 001. ವಿಮಾನ ತಲೆಯ ಮೇಲೆ ಹಾರಿಹೋದಾಗ ನಮಗೆ ಈ ಅಕ್ಷರ ಕಾಣುವುದಿಲ್ಲ. ಆದರೆ ಇದನ್ನೇ ಮೊದಲು ಹುಡುಕುವ ಒಂದು ಜನವರ್ಗವಿದೆ. ಅವರು ಲೋಹದ ಎರಕದಲ್ಲಿ ಮೂಡುವ ಡೈ-ಕಾಸ್ಟ್ ಯುದ್ಧವಿಮಾನ ಮತ್ತು ಟ್ಯಾಂಕುಗಳ ಮಾದರಿಗಳನ್ನು ಕೂಡಿಡುವ ಸಂಗ್ರಾಹಕರು.

ಅವರಿಗೆ ‘ಒಂದು ರಫೇಲ್’ ಸಾಲದು. ಯಾವ ಸ್ಕ್ವಾಡ್ರನ್ನಿನದು, ಯಾವ ವರ್ಷದ್ದು, ರೆಕ್ಕೆಯಡಿ ಯಾವ ಕ್ಷಿಪಣಿ ತೂಗಿದೆ, ಎಲ್ಲವೂ ಬೇಕು. ಹಾಂಗ್‌ಕಾಂಗ್‌ನ ಹಾಬಿ ಮಾಸ್ಟರ್, ಬ್ರಿಟನ್ನಿನ ಕಾರ್ಗಿಯಂಥ ಕಂಪನಿಗಳು ಹೊಸ ಮಾದರಿಗಳನ್ನು ಪ್ರಕಟಿಸುವ ಹೊತ್ತಿಗೆ ಇವರ ಕಣ್ಣು ಮೊದಲು ಹೋಗುವುದು ಬಾಲಸಂಖ್ಯೆಯ ಕಡೆಗೆ. ಹಾಬಿ ಮಾಸ್ಟರ್ ಭಾರತೀಯ ಬಣ್ಣದಲ್ಲಿ ರಫೇಲನ್ನೂ ಸುಖೋಯ್-30 ಎಂಕೆಐಯನ್ನೂ ತಂದ ಮೇಲೆ ನಮ್ಮಲ್ಲೂ ಈ ಹುಚ್ಚು ಹತ್ತಿದವರು ಹೆಚ್ಚಿದ್ದಾರೆ.

ಇವು ಆಟಿಕೆಗಳಲ್ಲ. ಪೆಟ್ಟಿಗೆಯ ಮೇಲೆಯೇ 14 ವರ್ಷ ಮೀರಿದವರಿಗೆ ಎಂದು ಬರೆದಿರುತ್ತದೆ. ಒಳ್ಳೆಯ ಮಾದರಿಯೆಂದರೆ ಒಂದು ನಿರ್ದಿಷ್ಟ ಯಂತ್ರವು ಒಂದು ನಿರ್ದಿಷ್ಟ ದಿನ ಹೇಗಿತ್ತು ಎಂಬುದರ ದಾಖಲೆ ಎಂದೇ ನಾನು ನಂಬಿದ್ದೇನೆ.

ಕಾರ್ಗಿ ತಂದಿರುವ ಲಂಕಾಸ್ಟರ್ ಬಾಂಬರ್ ನೋಡಿ. 1943ರ ಮೇ 16ರ ರಾತ್ರಿ ಜರ್ಮನಿಯ ರೂರ್ ಪ್ರದೇಶದ ಅಣೆಕಟ್ಟುಗಳನ್ನು ಒಡೆಯಲು ಬ್ರಿಟನ್ನಿನ 19 ಲಂಕಾಸ್ಟರ್‌ಗಳು ಹೊರಟವು, ಎಂಟು ಹಿಂತಿರುಗಲಿಲ್ಲ. ತಂಡದ ನಾಯಕ ಗೈ ಗಿಬ್ಸನ್ ಹಾರಿಸಿದ ವಿಮಾನದ ಗುರುತು ಎಜೆ-ಜಿ. ಮಾಮೂಲಿ ಲಂಕಾಸ್ಟರಿನ ಬೆನ್ನಿನ ಮೇಲೆ ಒಂದು ಗನ್ ಗೋಪುರವಿರುತ್ತದೆ. ಈ ದಾಳಿಗೆ ಹೋದವುಗಳಲ್ಲಿ ಅದನ್ನು ಕಿತ್ತುಹಾಕಿದ್ದರು. ಹೊಟ್ಟೆಯ ಬಾಂಬ್ ಬಾಗಿಲುಗಳನ್ನೂ ತೆಗೆದು, ನೀರಿನ ಮೇಲೆ ಪುಟಿಯುತ್ತ ಸಾಗುವ ಪೀಪಾಯಿಯಾಕಾರದ ಬಾಂಬನ್ನು ತೂಗುಹಾಕಿದ್ದರು. 1:72 ಅಳತೆಯಲ್ಲಿ ಈ ವಿಮಾನದ ರೆಕ್ಕೆಯಗಲ 43 ಸೆಂಟಿಮೀಟರ್. ಕಪಾಟಿನ ಒಂದಿಡೀ ಅಂತಸ್ತು ಬೇಕು. ಕೈಗೆತ್ತಿಕೊಂಡು ಬೆನ್ನು ಸವರಿದರೆ ಗೋಪುರವಿರಬೇಕಾದ ಜಾಗ ನುಣ್ಣಗಿರುತ್ತದೆ. ಬಣ್ಣ ಎಷ್ಟೇ ಚೆನ್ನಾಗಿರಲಿ, ಅಲ್ಲೊಂದು ಗೋಪುರ ಉಳಿದುಬಿಟ್ಟಿದ್ದರೆ ಅದು ಆ ರಾತ್ರಿಯ ವಿಮಾನವಲ್ಲ.

ತಯಾರಿಯ ಬಗ್ಗೆ ಸ್ವಲ್ಪ ಹೇಳಬೇಕು. ಡೈ ಎಂದರೆ ಉಕ್ಕಿನಲ್ಲಿ ಕೊರೆದ ಅಚ್ಚು. 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿದ ಸತುವಿನ ಮಿಶ್ರಲೋಹವನ್ನು ಭಾರೀ ಒತ್ತಡದಲ್ಲಿ ಅದರೊಳಕ್ಕೆ ನುಗ್ಗಿಸುತ್ತಾರೆ. ಲೋಹದಲ್ಲಿ ಶೇ 4ರಷ್ಟು ಅಲ್ಯೂಮಿನಿಯಂ, ಚೂರು ಮೆಗ್ನೀಸಿಯಂ, ಕೆಲವೊಮ್ಮೆ ತಾಮ್ರ ಸೇರಿರುತ್ತದೆ. ಕ್ಷಣದಲ್ಲಿ ಗಟ್ಟಿಯಾದ ತುಣುಕನ್ನು ಹೊರತೆಗೆದು, ಅಂಚಿಗೆ ಚಾಚಿಕೊಂಡ ಲೋಹವನ್ನು ಕಡಿದು, ಉಜ್ಜಿ, ಬಣ್ಣ ಸಿಂಪಡಿಸುತ್ತಾರೆ. ಅಕ್ಷರ, ಚಿಹ್ನೆಗಳಿಗೆ ಟ್ಯಾಂಪೊ ಮುದ್ರಣ ಎಂಬ ವಿಧಾನವಿದೆ. ಕೊರೆದ ತಗಡಿನಲ್ಲಿ ತುಂಬಿದ ಶಾಯಿಯನ್ನು ಸಿಲಿಕೋನಿನ ಮೆತ್ತನೆಯ ಉಂಡೆಯೊಂದು ಎತ್ತಿಕೊಂಡು ಬಂದು, ವಿಮಾನದ ಉಬ್ಬು ಮೈಮೇಲೆ ಒತ್ತಿ ಹೋಗುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಒತ್ತು. ‘ಇಲ್ಲಿ ಕಾಲಿಡಬೇಡಿ’ ಎಂಬಂಥ ಎಚ್ಚರಿಕೆಗಳು ನಿಜವಾದ ಜೆಟ್ಟಿನ ರೆಕ್ಕೆಯ ಮೇಲಿರುವಂತೆಯೇ ಇಲ್ಲೂ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಮೂಡುತ್ತವೆ. ಭೂತಗನ್ನಡಿ ಹಿಡಿದರೆ ಓದಬಹುದು.

ಲೋಹಕ್ಕೂ ಮಿತಿಯಿದೆ. ಸತುವನ್ನು ಕಾಗದದಷ್ಟು ತೆಳ್ಳಗೆ ಎರೆಯಲಾಗದು. ರೆಕ್ಕೆಯ ಹಿಂಬದಿಯ ಅಂಚು ಕೊಂಚ ದಪ್ಪವಾಗಿಯೇ ಉಳಿಯುತ್ತದೆ. ಒಳ್ಳೆಯ ಪ್ಲಾಸ್ಟಿಕ್ ಕಿಟ್ಟನ್ನು ತಾಳ್ಮೆಯಿಂದ ಜೋಡಿಸಿ ಬಣ್ಣ ಹಚ್ಚಿದವರು ಈ ವಿಷಯದಲ್ಲಿ ಡೈ-ಕಾಸ್ಟನ್ನು ಹಿಂದಿಕ್ಕುತ್ತಾರೆ. ಅದಕ್ಕೇ ಆಂಟೆನಾ, ಚಕ್ರದ ಬಾಗಿಲು, ಕಾಕ್‌ಪಿಟ್ಟಿನ ಗಾಜುಗಳನ್ನು ಡೈ-ಕಾಸ್ಟಿನಲ್ಲೂ ಪ್ಲಾಸ್ಟಿಕ್ಕಿನಲ್ಲೇ ಮಾಡುತ್ತಾರೆ. ಆದರೆ ಅಂಗೈಗೆ ತಾಕುವ ಆ ತಂಪು, ಆ ತೂಕ ಪ್ಲಾಸ್ಟಿಕ್ಕಿಗೆ ಎಂದೂ ಬಾರದು.

ಉಕ್ಕಿನ ಅಚ್ಚು ಕೊರೆಯುವುದು ದುಬಾರಿ ಕೆಲಸ. ಆದ್ದರಿಂದ ‘ಹೊಸ ಬಿಡುಗಡೆ’ ಎಂದು ಬರುವವುಗಳಲ್ಲಿ ಬಹುಪಾಲು ಹಳೆಯ ಅಚ್ಚಿಗೆ ಬಳಿದ ಹೊಸ ಬಣ್ಣ. ಇದರಲ್ಲಿ ಮೋಸವೇನಿಲ್ಲ. ಒಂದೇ ಬಗೆಯ ವಿಮಾನವನ್ನು ನಿಜದಲ್ಲೂ ಹತ್ತಾರು ಸ್ಕ್ವಾಡ್ರನ್‌ಗಳು ಹಾರಿಸಿದ್ದವಲ್ಲ! ಪೂರಾ ಹೊಸ ಅಚ್ಚು ಬಂದರೆ ಮಾತ್ರ ಸಂಗ್ರಾಹಕರಲ್ಲಿ ಹಬ್ಬದ ಸಡಗರ. ಮೊದಲು ಕಂಪ್ಯೂಟರ್ ಚಿತ್ರ, ಆಮೇಲೆ ಬಣ್ಣ ಕಾಣದ ಬರಿಯ ಲೋಹದ ಮಾದರಿ, ಆಮೇಲೆ ಬಣ್ಣ ಹಚ್ಚಿದ ಮಾದರಿ ಹೊರಬರುತ್ತದೆ. ಒಂದೊಂದು ಹಂತದಲ್ಲೂ ಮೂಗು ಉದ್ದವಾಯಿತು, ಬಣ್ಣ ಗಾಢವಾಯಿತು ಎಂದು ಹಳೆಯ ಫೋಟೊಗಳನ್ನು ಪಕ್ಕದಲ್ಲಿಟ್ಟುಕೊಂಡು ವಾದ ನಡೆಯುತ್ತದೆ. ಈ ವಾದಗಳೇ ಮಾದರಿಗಳನ್ನು ಉತ್ತಮಗೊಳಿಸಿವೆ.

ಕಸುಬಿನ ಬೇರು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿದೆ. ಮೆಕ್ಯಾನೊ ಖ್ಯಾತಿಯ ಫ್ರಾಂಕ್ ಹಾರ್ನ್‌ಬಿ ಅವರ ಕಂಪನಿ 1934ರಲ್ಲಿ ತನ್ನ ಎರಕದ ಆಟಿಕೆಗಳಿಗೆ ಡಿಂಕಿ ಟಾಯ್ಸ್ ಎಂಬ ಹೆಸರಿಟ್ಟಿತು. ಕಾರು, ಲಾರಿಗಳ ಜೊತೆ ವಿಮಾನಗಳೂ ಬಂದವು. ಎರಡನೇ ಮಹಾಯುದ್ಧದಲ್ಲಿ ಜನ ದುಡ್ಡು ಕೂಡಿಸಿ ಸ್ಪಿಟ್‌ಫೈರ್ ಕೊಡಿಸುತ್ತಿದ್ದ ಕಾಲಕ್ಕೆ, ಡಿಂಕಿಯ ಪುಟ್ಟ ಸ್ಪಿಟ್‌ಫೈರ್‌ಗೆ ಕೊಂಡಿಯೊಂದನ್ನು ಜೋಡಿಸಿ ಪದಕದಂತೆ ಆ ನಿಧಿಗಾಗಿ ಮಾರಿದರು. ಯುದ್ಧಪೂರ್ವದ ಡಿಂಕಿ ಮಾದರಿಗಳು ಇಂದು ಅಪರೂಪವಾಗಲು ಒಂದು ರೋಗವೂ ಕಾರಣ. ಸತುವಿನಲ್ಲಿ ಸೀಸದ ಅಂಶ ಕೊಂಚ ಬೆರೆತರೂ ವರ್ಷಗಳುರುಳಿದಂತೆ ಲೋಹ ಒಳಗಿನಿಂದಲೇ ಬಿರಿದು, ಊದಿಕೊಂಡು, ಮುಟ್ಟಿದರೆ ಪುಡಿಯಾಗುತ್ತದೆ. ಇದಕ್ಕೆ ಔಷಧಿಯಿಲ್ಲ. ಶುದ್ಧ ಸತು ಬಳಸುವ ಶಿಸ್ತು ಬಂದ ಮೇಲೆ ಈ ಕಾಟ ತಗ್ಗಿತು.

1:72 ಎಂಬ ಅಳತೆಗೂ ಸೊಗಸಾದ ಲೆಕ್ಕವಿದೆ. ಆರಡಿಗೆ ಒಂದು ಅಂಗುಲ. ಅಂದರೆ ಆರಡಿ ಎತ್ತರದ ಪೈಲಟ್ ಒಂದಂಗುಲದ ಬೊಂಬೆಯಾಗುತ್ತಾನೆ. 1930ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಸ್ಕೈಬರ್ಡ್ಸ್ ಕಿಟ್‌ಗಳು ಇದನ್ನು ರೂಢಿಗೆ ತಂದವು. 1942ರಲ್ಲಿ ಅಮೆರಿಕದ ನೌಕಾಪಡೆ ಇದೇ ಅಳತೆಯಲ್ಲಿ ಐದು ಲಕ್ಷ ಮರದ ವಿಮಾನಗಳನ್ನು ಕೆತ್ತಿಕೊಡುವಂತೆ ಶಾಲಾ ಮಕ್ಕಳನ್ನು ಕೇಳಿತು. ಆಕಾಶದಲ್ಲಿ ಕಂಡದ್ದು ನಮ್ಮದೋ ಶತ್ರುವಿನದೋ ಎಂದು ಆಕಾರದಿಂದಲೇ ಗುರುತಿಸಲು ಸೈನಿಕರಿಗೆ ಆ ಮಾದರಿಗಳಿಂದ ಪಾಠ ನಡೆಯಿತು. ನೋಡಿ ಗುರುತಿಸುವ ಆ ಶಿಸ್ತಿಗೂ ಇಂದಿನ ಸಂಗ್ರಾಹಕರ ಕಣ್ಣಿಗೂ ನಂಟಿದೆ.

ಟ್ಯಾಂಕುಗಳಲ್ಲಿ ಫ್ರಾನ್ಸಿನ ಸಾಲಿಡೊ ಕಂಪನಿಯ 1:50 ಮಾದರಿಗಳು ಒಂದು ತಲೆಮಾರನ್ನೇ ಸಂಗ್ರಾಹಕರನ್ನಾಗಿ ಮಾಡಿದವು. ಜಗತ್ತು ಮತ್ತೆ ಮತ್ತೆ ಕೊಳ್ಳುವ ಟ್ಯಾಂಕ್ ಮಾತ್ರ ಜರ್ಮನಿಯ ಟೈಗರ್. ಅದರಲ್ಲೂ 1943ರ ಏಪ್ರಿಲ್‌ನಲ್ಲಿ ಟ್ಯುನೀಶಿಯಾದಲ್ಲಿ ಬ್ರಿಟಿಷರಿಗೆ ಸಿಕ್ಕ ‘ಟೈಗರ್ 131’. ಇಂಗ್ಲೆಂಡಿನ ಬೋವಿಂಗ್ಟನ್ ಮ್ಯೂಸಿಯಂನಲ್ಲಿ ಅದು ಇಂದಿಗೂ ಓಡುವ ಸ್ಥಿತಿಯಲ್ಲಿದೆ. ನಮಗೆ ಹತ್ತಿರದ್ದು ಬ್ರಿಟನ್ನಿನ ಸೆಂಚೂರಿಯನ್. ಡಿಂಕಿ 1954ರಲ್ಲೇ ಅದರ ಮಾದರಿ ತಂದಿತ್ತು. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಅಸಲ್ ಉತ್ತರ್‌ನ ಕಬ್ಬಿನ ಗದ್ದೆಗಳಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳಿಗೆ ಎದುರು ನಿಂತವುಗಳಲ್ಲಿ ನಮ್ಮ 3 ಕ್ಯಾವಲ್ರಿಯ ಸೆಂಚೂರಿಯನ್‌ಗಳೂ ಇದ್ದವು.

ಬೆಂಗಳೂರಿಗೂ ಈ ವಿಮಾನಗಳ ಕಥೆಯಲ್ಲೊಂದು ದೊಡ್ಡ ಪಾಲಿದೆ. ಮಾದರಿ ತಯಾರಕರ ಅಚ್ಚುಮೆಚ್ಚಿನ ಜರ್ಮನ್ ಯುದ್ಧವಿಮಾನ ಫೋಕ್-ವುಲ್ಫ್ 190. ಅದನ್ನು ವಿನ್ಯಾಸಗೊಳಿಸಿದ ಕುರ್ಟ್ ಟ್ಯಾಂಕ್ ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಕ್ಕೆ ಹೋಗಿ, ಅಲ್ಲಿಂದ ಭಾರತಕ್ಕೆ ಬಂದು, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ನಮ್ಮ ಎಂಜಿನಿಯರುಗಳೊಂದಿಗೆ ಎಚ್‌ಎಫ್-24 ಮಾರುತ್ ಯುದ್ಧವಿಮಾನವನ್ನು ರೂಪಿಸಿದರು. 1961ರ ಜೂನ್ 17ರಂದು ಅದನ್ನು ಮೊದಲು ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿಯಲ್ಲಿ ಮಾರುತ್‌ನದೇ ಪರೀಕ್ಷಾ ಹಾರಾಟದಲ್ಲಿ ಅವರು ತೀರಿಕೊಂಡರು. ಬೆಂಗಳೂರಿನವರು ದಿನವೂ ಟ್ರಾಫಿಕ್ಕಿನಲ್ಲಿ ನಿಲ್ಲುವ ಸುರಂಜನ್ ದಾಸ್ ರಸ್ತೆಯ ಹೆಸರು ಅವರದೇ. 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು. ಫೋಕ್-ವುಲ್ಫ್ ಪಕ್ಕದಲ್ಲಿ ಇಪ್ಪತ್ತೆರಡು ಸೆಂಟಿಮೀಟರಿನ ಮಾರುತ್ ನಿಂತರೆ, ಒಬ್ಬ ವಿನ್ಯಾಸಕಾರನ ಎರಡು ಖಂಡಗಳ ಕೆಲಸ ಕಪಾಟಿನ ಒಂದೇ ಸಾಲಿನಲ್ಲಿ ಕಾಣುತ್ತದೆ.

ಕೊಡಗಿನವರಿಗೆ ಇನ್ನೊಂದು ವಿಮಾನ ಬೇಕು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾದ ಮೇಲಿನ ದಾಳಿಯಲ್ಲಿ, ತಮ್ಮದಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ತಮ್ಮ ಮಿಸ್ತೇರ್ ವಿಮಾನದಿಂದ ಎದುರಿಸಿ ಉರುಳಿಸಿದರು, ತಾವೂ ಮಡಿದರು. ಅವರಿಗೆ ಮಹಾವೀರ ಚಕ್ರ ಸಂದದ್ದು 23 ವರ್ಷಗಳ ನಂತರ, 1988ರಲ್ಲಿ. ಸ್ಟಾರ್‌ಫೈಟರ್ ಮಾದರಿಗಳನ್ನು ಹಾಬಿ ಮಾಸ್ಟರ್ ಬಗೆಬಗೆಯ ಬಣ್ಣಗಳಲ್ಲಿ ತಂದಿದೆ. ಅದರ ಎದುರಿಗೆ ನಿಲ್ಲಿಸಲು ದೇವಯ್ಯ ಅವರ 1 ಸ್ಕ್ವಾಡ್ರನ್ನಿನ ಬಣ್ಣದ ಮಿಸ್ತೇರ್ ಬರಬೇಕು.

ಕೊಳ್ಳಲು ಹೊರಟವರಿಗೆ ಎರಡು ಮಾತು. ಇವು ಅಗ್ಗವಲ್ಲ. ಅಳತೆಗೆ ತಕ್ಕಂತೆ ಕಿರಿದಾಗಿಸಿದ ಮಾದರಿಗಳೂ ಆಟಿಕೆಗಳ ಸುಂಕದ ಪಟ್ಟಿಯಲ್ಲೇ ಬರುತ್ತವೆ. ಆ ಮೂಲ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಹಾಗಾಗಿ ವಿದೇಶದ ಬೆಲೆ ನೋಡಿ ಆಸೆಪಟ್ಟು ಆರ್ಡರ್ ಮಾಡಬೇಡಿ, ಸುಂಕ, ಸಾಗಣೆ ಎಲ್ಲ ಸೇರಿಸಿ ಲೆಕ್ಕ ಹಾಕಿ. ‘ಸೀಮಿತ ಸಂಖ್ಯೆ’ ಎಂಬ ಚೀಟಿಗೂ ಮರುಳಾಗಬೇಡಿ. ಮುಂದೆ ಬೆಲೆ ಏರೀತೆಂದು ಕೂಡಿಡುವವರ ಕಪಾಟಿನಲ್ಲಿ ಪೆಟ್ಟಿಗೆಗಳು ಮಾತ್ರ ಕಾಣುತ್ತವೆ, ವಿಮಾನಗಳು ಕಾಣುವುದಿಲ್ಲ. ಕೊಂಡದ್ದನ್ನು ಬಿಸಿಲು ಬೀಳದ, ತೇವವಿಲ್ಲದ ಗಾಜಿನ ಕಪಾಟಿನಲ್ಲಿಡಿ. ಧೂಳನ್ನು ಮೆತ್ತನೆಯ ಬ್ರಷ್‌ನಲ್ಲಿ ತೆಗೆಯಿರಿ.

ಮೊದಲ ಮಾದರಿ ಕೊಳ್ಳುವ ಮುಂಚೆ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಿಬನ್ನಿ. ಅಂಗಳದಲ್ಲಿ ನಿಂತ ಮಾರುತ್‌ನ ಸುತ್ತ ಒಂದು ಸುತ್ತು ಹಾಕಿ, ಅದರ ಬಾಲಸಂಖ್ಯೆ ಬರೆದುಕೊಳ್ಳಿ. ಆಮೇಲೆ ಯಾವ ವಿಮಾನ ಬೇಕೆಂದು ಮಕ್ಕಳನ್ನೇ ಕೇಳಿ.