‘ಅದೇ ಆ್ಯಪ್, ಅರ್ಧ ಗಾತ್ರ’: ಇಂಥ ಲಿಂಕ್ ನಂಬಬಹುದೇ?

‘ಅದೇ ಆ್ಯಪ್, ಅರ್ಧ ಗಾತ್ರ! ಫೋನ್ ಫಾಸ್ಟ್ ಆಗುತ್ತೆ, ಎಲ್ಲರಿಗೂ ಕಳಿಸಿ’ ಎನ್ನುವಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಕೆಲಸ ಕಡಿಮೆಯಾಗದೆ ಗಾತ್ರ ಮಾತ್ರ ಇಳಿಯಲು ಸಾಧ್ಯವೇ?

ಸಾಧ್ಯ. ಅದಕ್ಕೆ ಒಳ್ಳೆಯ ಉದಾಹರಣೆಯೂ ಇದೆ.

ಪ್ರೋಗ್ರಾಮರ್ ಬರೆದದ್ದನ್ನು ಕಂಪೈಲರ್ ಎಂಬ ತಂತ್ರಾಂಶ ಪ್ರೊಸೆಸರ್‌ಗೆ ಅರ್ಥವಾಗುವ ಸೂಚನೆಗಳಾಗಿ ಬದಲಿಸುತ್ತದೆ. ಆರ್ಮ್ ಪ್ರೊಸೆಸರ್‌ಗಳಲ್ಲಿ ಮೊದಲು ಪ್ರತಿ ಸೂಚನೆಗೂ 32 ಬಿಟ್, ಅಂದರೆ 4 ಬೈಟ್ ಜಾಗ ಬೇಕಿತ್ತು. ಎರಡು ಸಂಖ್ಯೆ ಕೂಡಿಸಲೂ ಅಷ್ಟೇ ಜಾಗ. 1990ರ ದಶಕದಲ್ಲಿ ಮೆಮೊರಿ ದುಬಾರಿ. ಆಗ ಆರ್ಮ್ ಕಂಪನಿ ಹೆಚ್ಚು ಬಳಕೆಯ ಸೂಚನೆಗಳಿಗೆ 16 ಬಿಟ್‌ನ ಗಿಡ್ಡ ರೂಪ ಕೊಟ್ಟಿತು. ಅದರ ಹೆಸರು ‘ಥಂಬ್’. ಹಾವಿನ ಆಟದಿಂದ ಜನಪ್ರಿಯವಾದ ನೋಕಿಯಾ 6110 ಫೋನಿನಲ್ಲಿ ಇದ್ದದ್ದು ಥಂಬ್ ಬಲ್ಲ ಪ್ರೊಸೆಸರ್.

ವಿಳಾಸದಲ್ಲಿ ತಾಲ್ಲೂಕನ್ನು ‘ತಾ.’, ಜಿಲ್ಲೆಯನ್ನು ‘ಜಿ.’ ಎಂದು ಬರೆದರೂ ಪತ್ರ ಅದೇ ಮನೆಗೆ ತಲುಪುತ್ತದೆಯಲ್ಲವೇ? ಇದೂ ಹಾಗೆಯೇ. ಜಿಪ್ ಫೈಲಿನಂತೆ ಮೊದಲು ಬಿಚ್ಚಿಡಬೇಕಿಲ್ಲ, ಪ್ರೊಸೆಸರ್ ನೇರವಾಗಿ ಓದಿಕೊಳ್ಳುತ್ತದೆ.

ಹಾಗಾದರೆ ಗಾತ್ರ ಅರ್ಧಕ್ಕಿಳಿಯಿತೇ? ಇಲ್ಲ. 16 ಬಿಟ್‌ನಲ್ಲಿ ಎಲ್ಲವೂ ಹಿಡಿಸುವುದಿಲ್ಲ. ಒಂದು ಸೂಚನೆಯಲ್ಲಿ ಮುಗಿಯುತ್ತಿದ್ದ ಕೆಲವು ಕೆಲಸಕ್ಕೆ ಎರಡು ಬೇಕಾಗುತ್ತವೆ. ಒಟ್ಟು ಉಳಿತಾಯ ಸುಮಾರು ಮೂರನೇ ಒಂದು ಭಾಗ. 2003ರಲ್ಲಿ ಬಂದ ‘ಥಂಬ್-2’ ಗಿಡ್ಡ, ಉದ್ದ ಎರಡೂ ಸೂಚನೆಗಳನ್ನು ಬೆರೆಸಿ ಬಳಸಲು ದಾರಿ ಮಾಡಿತು. ಸಣ್ಣ ಉಪಕರಣಗಳಲ್ಲಿರುವ ಆರ್ಮ್ ಕಾರ್ಟೆಕ್ಸ್-ಎಂ ಚಿಪ್‌ಗಳು ಇಂದಿಗೂ ಓದುವುದು ಥಂಬ್ ಸೂಚನೆಗಳನ್ನೇ.

ಈಗ ಆ ಲಿಂಕ್ ವಿಷಯಕ್ಕೆ ಬರೋಣ. ಇಂದಿನ 64 ಬಿಟ್ ಆರ್ಮ್ ಫೋನ್‌ಗಳ ಸೂಚನಾ ಭಾಷೆಯಲ್ಲಿ ಈ ಗಿಡ್ಡ ರೂಪವೇ ಇಲ್ಲ, ಎಲ್ಲ ಸೂಚನೆಯೂ 32 ಬಿಟ್. ಮೇಲಾಗಿ, ಆ್ಯಪ್ ಗಾತ್ರದಲ್ಲಿ ಚಿತ್ರ, ಧ್ವನಿ, ಅಕ್ಷರ ವಿನ್ಯಾಸಗಳ ಪಾಲೂ ಇರುತ್ತದೆ. ಸೂಚನೆ ಗಿಡ್ಡ ಮಾಡಿದರೆ ಅವು ಕುಗ್ಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಆಂಡ್ರಾಯ್ಡ್ ಆ್ಯಪ್‌ಗೆ ಅದನ್ನು ತಯಾರಿಸಿದವರ ಡಿಜಿಟಲ್ ಸಹಿ ಇರುತ್ತದೆ. ಬೇರೆಯವರು ಒಳಗೆ ಕೈಯಾಡಿಸಿದರೆ ಆ ಸಹಿ ಮುರಿಯುತ್ತದೆ, ಅವರು ತಮ್ಮದೇ ಸಹಿ ಹಾಕಬೇಕು. ಅಂದರೆ ನಿಮಗೆ ಸಿಗುವುದು ‘ಅದೇ ಆ್ಯಪ್’ ಅಲ್ಲ, ಯಾರೋ ತಿದ್ದಿದ ಆ್ಯಪ್. ನಿಮ್ಮ ಸಂದೇಶ, ಒಟಿಪಿಗಳನ್ನು ಕದಿಯುವ ಕೋಡ್ ಅದರಲ್ಲಿ ಸೇರಿರಬಹುದು.

ಗಾತ್ರ ಇಳಿಸುವುದು ಆ್ಯಪ್ ತಯಾರಿಸಿದವರ ಕೆಲಸ. ಜಾಗ ಸಾಲದಿದ್ದರೆ ಗ್ರೂಪಿನಲ್ಲಿ ಬಂದು ಬಿದ್ದಿರುವ ಹಳೆಯ ವಿಡಿಯೊಗಳನ್ನು ಅಳಿಸಿ. ಆ್ಯಪನ್ನು ಅಧಿಕೃತ ಸ್ಟೋರ್‌ನಿಂದಲೇ ಪಡೆಯಿರಿ. ಆ ಲಿಂಕನ್ನು ಮಾತ್ರ ಫಾರ್ವರ್ಡ್ ಮಾಡಬೇಡಿ.