ಹದಿನೆಂಟು ಅಕ್ಷರಗಳ ಒಂದು ಫ್ರೆಂಚ್ ಕ್ರಿಯಾಪದ

ಜೋಸೆಫ್ ಫೂರ್ಯೆ 1822ರಲ್ಲಿ ಪ್ರಕಟಿಸಿದ ಉಷ್ಣಸಿದ್ಧಾಂತದ ಗ್ರಂಥವನ್ನು ಮೂಲದಲ್ಲಿಯೇ ಓದಬೇಕೆಂಬ ಹಂಬಲದಿಂದ ನಾವು ಫ್ರೆಂಚ್ ಕಲಿಯತೊಡಗಿದೆವು. ಸಮೀಕರಣಗಳು ಅಷ್ಟಾಗಿ ಕಾಡಲಿಲ್ಲ, ಕ್ರಿಯಾಪದಗಳು ಕಾಡಿದವು. ಕಣ್ಣಿಗೆ ಕಂಡ ಅಕ್ಷರಗಳನ್ನೆಲ್ಲ ಉಚ್ಚರಿಸಿದಾಗ ಕಲಿಸುತ್ತಿದ್ದವರು ನಕ್ಕುಬಿಟ್ಟರು.

ಅಂಥದೊಂದು ಪದ ‘ದೆಜ಼ೆಂತೆರೆಸ್ರೆ’. ‘ಅವರು ಆಸಕ್ತಿ ತೊರೆದಾರು’ ಎಂಬುದು ಇದರ ಅರ್ಥಕ್ಕೆ ಸಮೀಪ. ರೋಮನ್ ಲಿಪಿಯಲ್ಲಿ ಇದಕ್ಕೆ 18 ಅಕ್ಷರಗಳು. ಕಿವಿಗೆ ಬೀಳುವ ಧ್ವನಿಗಳು 11 ಮಾತ್ರ. ಕೊನೆಯ ಐದು ಅಕ್ಷರಗಳಾದ ಎ, ಐ, ಇ, ಎನ್, ಟಿ ಇವೆಲ್ಲ ಸೇರಿ ‘ಎ’ಕಾರವೊಂದನ್ನೇ ಸೂಚಿಸುತ್ತವೆ.

ಪದವನ್ನು ಬಿಡಿಸಿ ನೋಡೋಣ. ಮೊದಲಿಗೆ ನಿಷೇಧಾರ್ಥದ ಉಪಸರ್ಗ, ಅನಂತರ ‘ಆಸಕ್ತಿ’ ಎಂಬರ್ಥದ ಧಾತು, ಆಮೇಲೆ ಭಾವರೂಪದ ಗುರುತು, ಕಡೆಯಲ್ಲಿ ಪ್ರತ್ಯಯ. ಈ ಕೊನೆಯೆರಡರ ಚರಿತ್ರೆ ಸ್ವಾರಸ್ಯವಾದುದು. ಆಡುಮಾತಿನ ಲ್ಯಾಟಿನ್ನಿನಲ್ಲಿ ‘ಕಂತಾರೆ ಹಾಬೇಬಂತ್’ ಎಂಬಂಥ ಪ್ರಯೋಗವಿದ್ದಿತು. ‘ಹಾಡಲು ಇದ್ದರು’ ಎಂದು ತಿಳಿಯಬಹುದು. ನಮ್ಮಲ್ಲಿ ಅದು ‘ಹಾಡಲಿದ್ದರು’ ಎಂದು ಬೆಸೆದುಕೊಂಡಂತೆ ಅಲ್ಲಿಯೂ ಎರಡು ಪದಗಳು ಕೂಡಿ ಒಂದಾದವು. ಸಹಾಯಕ ಕ್ರಿಯಾಪದವು ಸವೆದು ಪ್ರತ್ಯಯವಾಯಿತು. ಕೊನೆಯಲ್ಲಿ ಮೌನವಾಗಿ ನಿಂತಿರುವ ಎನ್, ಟಿ ಅಕ್ಷರಗಳು ಆ ‘ಹಾಬೇಬಂತ್’ನ ಅವಶೇಷಗಳು.

ಆದರೆ ನಾಲಗೆಯು ವ್ಯಾಕರಣದ ಗಡಿಗಳನ್ನು ಲೆಕ್ಕಿಸುವುದಿಲ್ಲ. ಉಚ್ಚಾರಾಂಶಗಳು ದೆ-ಜ಼ೆಂ-ತೆ-ರೆಸ್-ರೆ ಎಂದು ಐದಾಗುತ್ತವೆ. (‘ಜ಼ೆಂ’ನಲ್ಲಿ ನಕಾರ ಮಕಾರಗಳಾವುವೂ ಇಲ್ಲ, ಸ್ವರವೇ ಮೂಗಿನಿಂದ ಹೊರಡಬೇಕು.) ಉಪಸರ್ಗದ ಕೊನೆಯ ಸಕಾರವು ಮುಂದಿನ ಸ್ವರವನ್ನು ಸೇರಿಕೊಂಡಿತು, ಎರಡು ಸ್ವರಗಳ ನಡುವೆ ಧ್ವನಿತಂತುಗಳ ಕಂಪನವು ನಿಲ್ಲದಿರುವುದರಿಂದ ‘ಜ಼’ ಆಯಿತು. ಜಗತ್ ಮತ್ತು ಈಶ ಸೇರಿ ‘ಜಗದೀಶ’ವಾಗುವುದನ್ನು ಬಲ್ಲ ವಿದ್ಯಾರ್ಥಿಗೆ ಇದು ಹೊಸತೇನಲ್ಲ.

ಸಾವಕಾಶವಾಗಿ ಓದುವಾಗ ‘ಸ್’ ಮತ್ತು ‘ರೆ’ಗಳ ನಡುವೆ ಒಂದು ದುರ್ಬಲ ಸ್ವರವು ಸುಳಿದು, ಆರನೆಯ ಉಚ್ಚಾರಾಂಶ ಹುಟ್ಟುತ್ತದೆ. ಸಾಮಾನ್ಯ ಸಂಭಾಷಣೆಯಲ್ಲಿ ಅದು ಬಿದ್ದುಹೋಗುತ್ತದೆ. ಬೀಳಲು ಒಂದು ನಿಯಮವುಂಟು: ಬಿದ್ದರೆ ಮೂರು ವ್ಯಂಜನಗಳು ಒತ್ತಾಗಿ ನಿಲ್ಲುವಂತಿದ್ದರೆ ಅದು ಉಳಿಯಬೇಕು. ‘ಮಾತನಾಡಿಯಾರು’ ಎಂಬರ್ಥದ ‘ಪಾರ್-ಲ-ರೆ’ಯಲ್ಲಿ ಅದನ್ನು ತೆಗೆದರೆ ರ್-ಲ್-ರ್ ಎಂದು ನಾಲಗೆ ತೊಡರುವುದು, ಆದುದರಿಂದ ಅಲ್ಲಿ ಉಳಿಯುತ್ತದೆ. ಮಾರಿಸ್ ಗ್ರಾಮೋನ್ ಎಂಬ ಧ್ವನಿಶಾಸ್ತ್ರಜ್ಞನು ಇದನ್ನು ‘ಮೂರು ವ್ಯಂಜನಗಳ ನಿಯಮ’ವೆಂದು ಕರೆದನು. ನಿಯಮಕ್ಕೆ ಅಪವಾದಗಳಿಲ್ಲದೆ ಇಲ್ಲ.

ಹಾಗಾದರೆ ಏಕವಚನ ಬಹುವಚನಗಳನ್ನು ಕಿವಿಯು ಗುರುತಿಸುವುದು ಹೇಗೆ? ಪ್ರತ್ಯಯದಿಂದಂತೂ ಸಾಧ್ಯವಿಲ್ಲ, ಎರಡರ ಉಚ್ಚಾರಣೆಯೂ ಒಂದೇ. ‘ಅವನು’, ‘ಅವರು’ ಎಂಬ ಸರ್ವನಾಮಗಳೂ ಬಿಡಿಯಾಗಿ ‘ಇಲ್’ ಎಂದೇ ಕೇಳಿಸುತ್ತವೆ. ಕ್ರಿಯಾಪದವು ಸ್ವರದಿಂದ ಮೊದಲಾದಾಗ ಮಾತ್ರ ಗುಟ್ಟು ರಟ್ಟಾಗುತ್ತದೆ: ‘ಅವನು ಇಷ್ಟಪಟ್ಟಾನು’ ಎಂಬುದು ಇ-ಲೆಮ್-ರೆ, ‘ಅವರು ಇಷ್ಟಪಟ್ಟಾರು’ ಎಂಬುದು ಇಲ್-ಜ಼ೆಮ್-ರೆ. ಬಹುವಚನವೆಲ್ಲ ಆ ಒಂದು ‘ಜ಼’ಕಾರದಲ್ಲಿದೆ! ನಮ್ಮ ಹದಿನೆಂಟಕ್ಷರದ ಪದವು ವ್ಯಂಜನದಿಂದ ಮೊದಲಾಗುವುದರಿಂದ ಅದಕ್ಕೆ ಆ ಸೌಕರ್ಯವೂ ಇಲ್ಲ. ಉಕ್ತಲೇಖನ ಬರೆಯುವ ಫ್ರೆಂಚ್ ಬಾಲಕನು ಹಿಂದಿನ ವಾಕ್ಯವನ್ನು ನೆನೆದು, ಆಸಕ್ತಿ ತೊರೆದವನು ಒಬ್ಬನೋ ಹಲವರೋ ಎಂಬುದನ್ನು ನಿಶ್ಚಯಿಸಿಕೊಂಡು, ಆಮೇಲೆಯೇ ಕಡೆಯ ಅಕ್ಷರಗಳನ್ನು ಬರೆಯಬೇಕಾಗುತ್ತದೆ.