ಆ ಕೋಣೆಯ ಬಾಗಿಲು ತಟ್ಟುವ ಮುನ್ನ

ಪರೀಕ್ಷೆ ಹತ್ತಿರ ಬಂದಾಗ ನಿದ್ದೆ ಬರುತ್ತಿಲ್ಲ ಎಂದರೆ ಅಮ್ಮ ಬಿಸಿ ಹಾಲು ಕೊಡುತ್ತಾರೆ. ಊಟ ಸೇರುತ್ತಿಲ್ಲ ಎಂದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾರೆ. ಅದರಲ್ಲಿ ಪ್ರೀತಿ ಇದೆ, ಬೇಡವೆನ್ನಬೇಡಿ. ಆದರೆ ತಿಂಗಳೆರಡಾದರೂ ನಿದ್ದೆ ಸರಿಯಾಗದೆ, ಕಾಲೇಜಿಗೆಂದು ಲೋಕಲ್ ಹತ್ತುವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತ, ಗೆಳೆಯರ ಫೋನನ್ನೂ ಎತ್ತಲು ಮನಸ್ಸಾಗದಿದ್ದರೆ ಹಾಲು ಸಾಲದು. ಆಗ ಆಪ್ತಸಮಾಲೋಚಕರನ್ನು ಕಾಣಬೇಕು. ಇದು ನಿಮಗೂ ಗೊತ್ತು. ತಡೆಯುವುದು ಎರಡು ಭಯಗಳು: ‘ಅಲ್ಲಿ ನನ್ನನ್ನು ಏನು ಮಾಡುತ್ತಾರೋ’ ಎಂಬುದು ಒಂದು, ‘ನಮ್ಮವರಿಗೆ ಗೊತ್ತಾದರೆ’ ಎಂಬುದು ಇನ್ನೊಂದು.

ಎರಡನೆಯದನ್ನೇ ಮೊದಲು ನೋಡೋಣ. ಮುಂಬಯಿ ಎಷ್ಟು ದೊಡ್ಡದಾದರೂ ನಮ್ಮ ಕನ್ನಡಿಗರ ಲೋಕ ಚಿಕ್ಕದು. ಮಾಟುಂಗಾದಲ್ಲಿ ಸೀನಿದರೆ ಡೊಂಬಿವಲಿಯಲ್ಲಿ ‘ಶೀತವಾಯಿತೇ?’ ಎಂದು ಕೇಳುವವರಿದ್ದಾರೆ. ಆದರೆ ಆ ಕೋಣೆಯಲ್ಲಿ ಆಡಿದ ಮಾತು ಹೊರಗೆ ಬರುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಚಿಕಿತ್ಸೆ ಪಡೆಯುವವರ ಹಕ್ಕೆಂದೇ ಹೇಳಿದೆ. ವಿನಾಯಿತಿಗಳೂ ಇವೆ, ಮುಚ್ಚಿಡುವುದಿಲ್ಲ: ನಿಮ್ಮ ಅಥವಾ ಬೇರೊಬ್ಬರ ಜೀವಕ್ಕೆ ಅಪಾಯವಿದ್ದರೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ, ನ್ಯಾಯಾಲಯ ಕೇಳಿದರೆ ಅವರು ಸುಮ್ಮನಿರಲಾಗದು. ನಿಮಗೆ 18 ತುಂಬಿಲ್ಲವಾದರೆ ತಂದೆ ತಾಯಿಯ ಒಪ್ಪಿಗೆಯನ್ನೂ ಕೇಳುತ್ತಾರೆ. ಏನನ್ನು ಯಾರಿಗೆ ಹೇಳುತ್ತೀರಿ ಎಂದು ಮೊದಲ ದಿನವೇ ನೇರವಾಗಿ ಕೇಳಿ. ಒಳ್ಳೆಯವರು ಬೇಸರಿಸುವುದಿಲ್ಲ.

ಇನ್ನು ಒಳಗೆ ನಡೆಯುವುದು. ಸಿನಿಮಾದಲ್ಲಿ ತೋರಿಸುವಂತೆ ಯಾರೂ ನಿಮ್ಮನ್ನು ಸೋಫಾದ ಮೇಲೆ ಮಲಗಿಸುವುದಿಲ್ಲ. ಎರಡು ಕುರ್ಚಿ, ಒಂದು ಲೋಟ ನೀರು, ಸುಮಾರು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮೊದಲು ಒಂದು ಫಾರಂ ತುಂಬಿಸಿಕೊಳ್ಳುತ್ತಾರೆ. ಆಮೇಲೆ ನಿದ್ದೆ ಹೇಗೆ, ಊಟ ಹೇಗೆ, ಎಂದಿನಿಂದ ಹೀಗೆ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂಬ ಪ್ರಶ್ನೆಗಳು. ‘ಸಾಯಬೇಕು ಅನ್ನಿಸಿದ್ದುಂಟೇ?’ ಎಂದೂ ಕೇಳಬಹುದು. ಬೆಚ್ಚಬೇಡಿ. ಎಲ್ಲರಿಗೂ ಕೇಳುವ ಪ್ರಶ್ನೆಯದು, ಹೌದಾದರೆ ಹೌದೆನ್ನಿ.

ಉಪದೇಶ ಸಿಗುತ್ತದೆಂದು ಹೋದರೆ ನಿರಾಶರಾಗುತ್ತೀರಿ. ‘ಇಂಜಿನಿಯರಿಂಗ್ ಬಿಡು’ ‘ಆ ಹುಡುಗಿಯನ್ನು ಮರೆ’ ಎನ್ನುವುದು ಅವರ ಕೆಲಸವಲ್ಲ. ಅದಕ್ಕೆ ನಮ್ಮಲ್ಲಿ ಚಿಕ್ಕಪ್ಪಂದಿರು ಸಾಕಷ್ಟಿದ್ದಾರೆ! ಸಮಾಲೋಚಕರು ಕೇಳುತ್ತಾರೆ, ನೀವು ಹೇಳಿದ್ದನ್ನೇ ತಿರುಗಿಸಿ ನಿಮ್ಮ ಮುಂದಿಡುತ್ತಾರೆ, ಕೆಲವೊಮ್ಮೆ ಸುಮ್ಮನೆ ಕಾಯುತ್ತಾರೆ. ಮನೆಪಾಠವನ್ನೂ ಕೊಡಬಹುದು: ಎದೆ ಹೊಡೆದುಕೊಂಡ ಹೊತ್ತಿನಲ್ಲಿ ತಲೆಯಲ್ಲಿ ಬಂದ ಯೋಚನೆ ಯಾವುದು, ಅದು ಎಷ್ಟು ನಿಜ ಎಂದು ಬರೆದಿಡುವುದು. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಚಿಕಿತ್ಸಾಕ್ರಮದಿಂದ ಬಂದ ಪದ್ಧತಿಯಿದು. ಮೊದಲ ಭೇಟಿಯ ನಂತರ ಮನಸ್ಸು ಹಗುರಾಗುವ ಬದಲು ಇನ್ನಷ್ಟು ಭಾರವಾಗುವುದೂ ಉಂಟು. ಮುಚ್ಚಿಟ್ಟದ್ದು ಹೊರಬಂದಿದೆಯಲ್ಲ! ಮೂರು ನಾಲ್ಕು ವಾರ ನೋಡಿ. ಆಗಲೂ ಹೊಂದಿಕೆಯಾಗದಿದ್ದರೆ ಬೇರೆಯವರನ್ನು ಹುಡುಕಿ, ದಾಕ್ಷಿಣ್ಯ ಬೇಡ. ಔಷಧಿ ಬೇಕೆನಿಸಿದರೆ ಅವರು ಮನೋವೈದ್ಯರ ಬಳಿ ಕಳಿಸುತ್ತಾರೆ. ಸಮಾಲೋಚಕರು ತಾವೇ ಮಾತ್ರೆ ಬರೆದುಕೊಡುವಂತಿಲ್ಲ.

ಯಾವ ಭಾಷೆಯಲ್ಲಿ ಮಾತಾಡುತ್ತೀರಿ? ಇದು ನಮ್ಮಂಥವರಿಗೇ ಇರುವ ತೊಡಕು. ನೀವು ಓದಿದ್ದು ಇಂಗ್ಲಿಷಿನಲ್ಲಿ, ಗೆಳೆತನ ಹಿಂದಿ ಮರಾಠಿಯಲ್ಲಿ, ಅಪ್ಪ ಬೈದದ್ದು ಮಾತ್ರ ಕನ್ನಡದಲ್ಲಿ. ‘ಬೇಜಾರು’ ಎಂಬ ಒಂದೇ ಪದದಲ್ಲಿ ನಾವು ದುಃಖ, ಮುನಿಸು, ದಣಿವು, ಹೊತ್ತು ಹೋಗದಿರುವಿಕೆ ಎಲ್ಲವನ್ನೂ ತುಂಬುತ್ತೇವೆ. ಎದುರಿಗಿರುವವರಿಗೆ ಕನ್ನಡ ಬಾರದಿದ್ದರೂ ನೆನಪಾದ ಮಾತನ್ನು ಮೊದಲು ಕನ್ನಡದಲ್ಲೇ ಹೇಳಿಬಿಡಿ, ಆಮೇಲೆ ಬಿಡಿಸಿ ವಿವರಿಸಿ. ಈ ಬೇಜಾರು ಯಾವ ಬೇಜಾರು ಎಂದು ಬಿಡಿಸುವಾಗಲೇ ಅರ್ಧ ಕೆಲಸ ಆಗಿರುತ್ತದೆ. ಕನ್ನಡದಲ್ಲೇ ಮಾತಾಡಬೇಕೆಂದರೆ ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ದುಡ್ಡಿಲ್ಲ. ಅದರ ಹಿಂದೆ ನಿಂತಿರುವ ಪ್ರಮುಖ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್.

‘ಇದೆಲ್ಲ ಪರದೇಶದ ಖಯಾಲಿ’ ಎಂದು ಅಪ್ಪ ಗೊಣಗಿದರೆ ‘ಕೊರವಂಜಿ’ಯ ರಾಶಿಯವರನ್ನು ನೆನಪಿಸಿ. ಅವರು ವೈದ್ಯರು, ಡಾ. ಎಂ. ಶಿವರಾಂ. ಮನಸ್ಸಿನ ಕಾಯಿಲೆಗಳ ಕುರಿತು ಕನ್ನಡದಲ್ಲಿ ಅವರು ಬರೆದ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು.

ಕೆಲವು ಚಿಕಿತ್ಸಕರು ಸಂಮೋಹನವನ್ನೂ ಬಳಸುತ್ತಾರೆ. ಹೆಸರು ಕೇಳಿದೊಡನೆ ಲೋಕಲ್ ಡಬ್ಬಿಯಲ್ಲಿ ಅಂಟಿಸಿರುವ ಬಾಬಾಗಳ ವಶೀಕರಣದ ಚೀಟಿ ಕಣ್ಣಮುಂದೆ ಬರುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮ್ಯಾಂಚೆಸ್ಟರಿನ ವೈದ್ಯ ಜೇಮ್ಸ್ ಬ್ರೇಡ್ 1843ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಇಂಗ್ಲಿಷಿನಲ್ಲಿ ಇಟ್ಟ ಹೆಸರು ನಿದ್ದೆ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ನಿಜಕ್ಕೂ ಇದು ನಿದ್ದೆಯಲ್ಲ. ಕುರ್ಚಿಯಲ್ಲಿ ಒರಗಿ ಕೂರಿಸುತ್ತಾರೆ, ಒಂದು ಬಿಂದುವನ್ನು ನೋಡಲು ಹೇಳುತ್ತಾರೆ, ಉಸಿರು ನಿಧಾನವಾಗುತ್ತದೆ, ಅವರು ಮೆಲ್ಲಗೆ ಎಣಿಸುತ್ತಾರೆ. ಫ್ಯಾನಿನ ಸದ್ದು, ಬೀದಿಯ ಭಾಜಿವಾಲನ ಕೂಗು ಎಲ್ಲವೂ ಕೇಳಿಸುತ್ತಿರುತ್ತದೆ. ಬೇಡವೆನಿಸಿದರೆ ಕಣ್ಣು ತೆರೆದು ಎದ್ದುಬಿಡಬಹುದು. ಹೇಳಬಾರದೆಂದುಕೊಂಡ ಗುಟ್ಟು ತಾನಾಗಿ ಬಾಯಿಂದ ಉದುರುವುದಿಲ್ಲ. ಎಲ್ಲರಿಗೂ ಇದು ಒಂದೇ ಸಮ ಹತ್ತುವುದೂ ಇಲ್ಲ.

ನೋವು, ಆತಂಕ, ಕೆಲವು ಬಗೆಯ ಹೊಟ್ಟೆಯ ತೊಂದರೆಗಳಿಗೆ ಇದರಿಂದ ಉಪಯೋಗವಿದೆ. ಆದರೆ ಇದು ಸಮಾಲೋಚನೆಯ ಜೊತೆಗಿನ ಒಂದು ಉಪಕರಣ, ಅದರ ಬದಲಿಯಲ್ಲ. ಇಲ್ಲದ ದನಿಗಳು ಕೇಳಿಸುವಂಥ ತೀವ್ರ ಕಾಯಿಲೆಯಿದ್ದರೆ ಮನೋವೈದ್ಯರನ್ನು ಕೇಳದೆ ಇದಕ್ಕೆ ಕೂರಬೇಡಿ. ‘ಮರೆತ ಬಾಲ್ಯವನ್ನು ಹೊರತೆಗೆಯುತ್ತೇನೆ, ಹಿಂದಿನ ಜನ್ಮ ತೋರಿಸುತ್ತೇನೆ’ ಎನ್ನುವವರು ಸಿಕ್ಕರೆ ಚಪ್ಪಲಿ ಮೆಟ್ಟಿ ಹೊರಡಿ. ಸಂಮೋಹನದಲ್ಲಿ ಮೂಡುವ ನೆನಪು ನಂಬಲರ್ಹವಲ್ಲವೆಂದು ಅಮೆರಿಕದ ವೈದ್ಯಕೀಯ ಸಂಘ 1985ರಲ್ಲೇ ಎಚ್ಚರಿಸಿತ್ತು. ನಡೆಯದ್ದನ್ನು ನಡೆದಿದೆಯೆಂದು ನಂಬಿ ಮನೆಯವರನ್ನೇ ದೂರ ಮಾಡಿಕೊಂಡವರಿದ್ದಾರೆ. ಏನು ಓದಿದ್ದೀರಿ ಎಂದು ಕೇಳಲು ಸಂಕೋಚ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನುವವರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಕೇಳಿ. ಶುಲ್ಕವನ್ನು ಫೋನಿನಲ್ಲೇ ವಿಚಾರಿಸಿ.

ಮೊದಲ ದಿನ ಒಬ್ಬರೇ ಹೋಗಲು ಅಳುಕಾದರೆ ಅಕ್ಕನನ್ನೋ ಗೆಳೆಯನನ್ನೋ ಕರೆದೊಯ್ಯಿರಿ, ಅವರು ಹೊರಗೆ ಕಾಯಲಿ. ಮುಗಿದ ಮೇಲೆ ಇಬ್ಬರೂ ಎಲ್ಲಾದರೂ ಇಡ್ಲಿ ಕಾಫಿ ಮುಗಿಸಿ ಮನೆಗೆ ಬನ್ನಿ. ಒಳಗೆ ಏನು ಮಾತಾಡಿದಿರೆಂದು ಅವರಿಗೂ ಹೇಳಲೇಬೇಕೆಂದೇನಿಲ್ಲ.